ಉತ್ತರ ಹೇಳುವವರಿಲ್ಲದ ಮೂರನೇ ಸರ್ಕಾರ

ಮಾನ್ಯ ಪ್ರಾಂಶುಪಾಲರೆ, ಅಧ್ಯಾಪಕ ಮಿತ್ರರೆ, ಊರಿನ ಹಿರಿಯರೆ, ವಿದ್ಯಾರ್ಥಿಗಳೆ,

ನಮ್ಮ ದೇಶದ ಸರ್ಕಾರದ ರಚನೆಯ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕರೆದಿದ್ದೀರಿ. ರಾಷ್ಟ್ರಪತಿ, ಪ್ರಧಾನಿ, ಲೋಕಸಭೆ, ರಾಜ್ಯಸಭೆ, ರಾಜ್ಯಪಾಲ, ವಿಧಾನಸಭೆ ಎಂಬ ಪಟ್ಟಿಯನ್ನು ನೀವು ಪಠ್ಯದಲ್ಲಿ ಓದಿದ್ದೀರಿ, ಪರೀಕ್ಷೆಯಲ್ಲಿ ಬರೆದೂ ಇದ್ದೀರಿ. ಅದನ್ನೇ ಮತ್ತೆ ಒಪ್ಪಿಸಲು ನಾನು ಬಂದಿಲ್ಲ. ಸರ್ಕಾರದ ಯಾವ ಅಂಗವನ್ನು ಕಂಡರೂ ಒಂದು ಪ್ರಶ್ನೆ ಕೇಳಿ ನೋಡಿ: ಇವರು ಯಾರಿಗೆ ಉತ್ತರ ಹೇಳಬೇಕು? ಈ ಪ್ರಶ್ನೆಗೆ ಸಿಗುವ ಉತ್ತರದಲ್ಲೇ ಆ ಅಂಗದ ನಿಜವಾದ ಸ್ವರೂಪ ತಿಳಿಯುತ್ತದೆ.

ದೆಹಲಿಯಲ್ಲಿ ಉತ್ತರ ಸ್ಪಷ್ಟ. ಸಂವಿಧಾನದ 75ನೇ ವಿಧಿಯ ಪ್ರಕಾರ ಮಂತ್ರಿಮಂಡಲ ಲೋಕಸಭೆಗೆ ಸಾಮೂಹಿಕವಾಗಿ ಹೊಣೆ. 1999ರ ಏಪ್ರಿಲ್‌ನಲ್ಲಿ ಅಟಲ್ ಬಿಹಾರಿ ವಾಜಪೇಯಿ ಅವರ ಸರ್ಕಾರ ಒಂದೇ ಒಂದು ಮತದಿಂದ ಬಿದ್ದದ್ದು ಇದೇ ವಿಧಿಯ ಬಲದಿಂದ. ರಾಜ್ಯಗಳಲ್ಲಿ 164ನೇ ವಿಧಿ ಇದೇ ಮಾತನ್ನು ಹೇಳುತ್ತದೆ. 2019ರ ಜುಲೈನಲ್ಲಿ ವಿಧಾನಸೌಧದಲ್ಲಿ ಎಚ್.ಡಿ. ಕುಮಾರಸ್ವಾಮಿ ಅವರ ಸರ್ಕಾರಕ್ಕೆ 99 ಮತ, ವಿರುದ್ಧ 105. ಮುಖ್ಯಮಂತ್ರಿ ಅಂದೇ ರಾಜೀನಾಮೆ ಕೊಟ್ಟರು. ನಮಗೆ ಆ ದಿನಗಳ ರಾಜಕೀಯ ಇಷ್ಟವಾಗಿರಲಿ, ಬಿಡಲಿ, ಉತ್ತರ ಹೇಳಬೇಕಾದವರು ಸದನದಲ್ಲಿ ಎದ್ದು ನಿಲ್ಲಲೇಬೇಕಾಯಿತು.

ಈಗ ಇದೇ ಪ್ರಶ್ನೆಯನ್ನು ಹಿಡಿದುಕೊಂಡು ಕೇಂದ್ರ, ರಾಜ್ಯಗಳ ನಂತರದ ಮೂರನೇ ಸರ್ಕಾರವಾದ ಪಂಚಾಯತಿಯತ್ತ, ನಿಮ್ಮ ಜಿಲ್ಲಾ ಪಂಚಾಯತಿ ಕಚೇರಿಗೆ ಹೋಗೋಣ. ನಾನು ಇಂದು ಹೇಳಬೇಕೆಂದಿರುವುದು ಅಲ್ಲಿಯ ಸಂಗತಿ.

1950ರ ಸಂವಿಧಾನದಲ್ಲಿ ಹಳ್ಳಿಯ ಸರ್ಕಾರಕ್ಕೆ ಇದ್ದದ್ದು 40ನೇ ವಿಧಿಯ ಒಂದು ಸಾಲು ಮಾತ್ರ: ರಾಜ್ಯವು ಗ್ರಾಮ ಪಂಚಾಯತಿಗಳನ್ನು ಸಂಘಟಿಸಬೇಕು. ಅದೂ ನಿರ್ದೇಶಕ ತತ್ತ್ವ, ನ್ಯಾಯಾಲಯದಲ್ಲಿ ಕೇಳಲು ಬಾರದು. ಡಾ. ಅಂಬೇಡ್ಕರ್ ಅವರಿಗೆ ಹಳ್ಳಿಯ ಮೇಲೆ ನಂಬಿಕೆ ಇರಲಿಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅವರು ಹಳ್ಳಿಯನ್ನು ಅಜ್ಞಾನ ಮತ್ತು ಸಂಕುಚಿತ ಬುದ್ಧಿಯ ನೆಲೆ ಎಂದೇ ಕರೆದರು. ಊರ ಬಾವಿಯಿಂದ ದೂರ ಇಡಲ್ಪಟ್ಟ ಸಮುದಾಯದಲ್ಲಿ ಹುಟ್ಟಿದವರ ಮಾತು ಅದು. ಪಂಚಾಯತಿಯ ಪರವಾಗಿ ವಾದಿಸುವವರು ಆ ಮಾತನ್ನು ಬದಿಗೆ ಸರಿಸಿ ಮುಂದೆ ಹೋಗುವಂತಿಲ್ಲ. ಮುಂದೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಮಹಿಳೆಯರಿಗೆ ಸದಸ್ಯ ಸ್ಥಾನದಲ್ಲಷ್ಟೇ ಅಲ್ಲ, ಅಧ್ಯಕ್ಷರ ಕುರ್ಚಿಯಲ್ಲಿಯೂ ಮೀಸಲಾತಿ ಬಂದದ್ದು ಅವರ ಆ ಅನುಮಾನಕ್ಕೆ ಸಂವಿಧಾನ ಕೊಟ್ಟ ಉತ್ತರ ಎಂದು ನಾನು ತಿಳಿದಿದ್ದೇನೆ.

ಈ ಕಥೆಯಲ್ಲಿ ಕರ್ನಾಟಕಕ್ಕೆ ಹೆಮ್ಮೆಯ ಪಾಲಿದೆ. ರಾಮಕೃಷ್ಣ ಹೆಗಡೆ ಅವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಬರಗಾಲದಲ್ಲಿ ಹಳ್ಳಿ ಹಳ್ಳಿಗೆ ಕೊಳವೆ ಬಾವಿ ಕೊರೆಸಿ ಜನರ ಬಾಯಲ್ಲಿ ‘ನೀರ್ ಸಾಬ್’ ಎನಿಸಿಕೊಂಡವರು. ಆದರೆ ಅವರ ದೊಡ್ಡ ಕೆಲಸ ನೀರಿನದಲ್ಲ, ಅಧಿಕಾರದ್ದು. ಅವರ ಮುತುವರ್ಜಿಯಿಂದ 1983ರಲ್ಲಿ ರೂಪುಗೊಂಡ ಕಾನೂನಿಗೆ 1985ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು, 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಮಂಡಲ ಪಂಚಾಯತಿಗಳಲ್ಲೂ ಜಿಲ್ಲಾ ಪರಿಷತ್ತುಗಳಲ್ಲೂ ಮಹಿಳೆಯರಿಗೆ ಶೇಕಡ 25ರಷ್ಟು ಸ್ಥಾನ ಮೀಸಲಾಯಿತು. ಸಂಸತ್ತು ಆ ಬಗ್ಗೆ ಕಾನೂನು ಮಾಡುವುದಕ್ಕೆ ವರ್ಷಗಳ ಮೊದಲೇ ಇದು ಇಲ್ಲಿ ಆಗಿತ್ತು.

ಅದರಲ್ಲಿ ನನ್ನನ್ನು ಇಂದಿಗೂ ಸೆಳೆಯುವ ಏರ್ಪಾಡು ಒಂದಿದೆ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಕೊಟ್ಟರು. ಅವರ ಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯರಾದ ಐಎಎಸ್ ಅಧಿಕಾರಿಯನ್ನು ನೇಮಿಸಿದರು. ಬ್ರಿಟಿಷರ ಕಾಲದಿಂದ ಜಿಲ್ಲೆಯೆಂದರೆ ಕಲೆಕ್ಟರ್ ಎಂದೇ ನಡೆದು ಬಂದಿದ್ದ ನಾಡಿನಲ್ಲಿ, ಅಭಿವೃದ್ಧಿಯ ವಿಷಯಕ್ಕೆ ಆಯ್ಕೆಯಾದವರ ಮಾತೇ ಮೇಲು ಎಂದು ಹುದ್ದೆಗಳ ಹಿರಿತನದಲ್ಲೇ ತೋರಿಸಿಕೊಟ್ಟರು. ಇಷ್ಟು ಧೈರ್ಯದ ಆಡಳಿತ ಸುಧಾರಣೆ ನಮ್ಮ ರಾಜ್ಯದಲ್ಲಿ ಅಪರೂಪ. 1988ರಲ್ಲಿ ನಜೀರ್ ಸಾಬ್ ತೀರಿಕೊಂಡರು. ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅವರ ಹೆಸರಿದೆ.

ಆಮೇಲೆ ಬಂದದ್ದು ಪಂಚಾಯತಿಗಳಿಗೆ ಸಂವಿಧಾನದಲ್ಲೇ ಸ್ಥಾನ ಕೊಟ್ಟ 73ನೇ ತಿದ್ದುಪಡಿ. 1993ರ ಏಪ್ರಿಲ್ 24ರಂದು ಜಾರಿಯಾಯಿತು, ಮರುತಿಂಗಳೇ ನಮ್ಮ ಪಂಚಾಯತ್ ರಾಜ್ ಅಧಿನಿಯಮವೂ ಬಂತು. ಗ್ರಾಮ, ತಾಲ್ಲೂಕು, ಜಿಲ್ಲೆ ಎಂಬ ಮೂರು ಹಂತ. ಹನ್ನೊಂದನೇ ಅನುಸೂಚಿಯಲ್ಲಿ ಕೃಷಿ, ಕುಡಿಯುವ ನೀರು, ಪ್ರಾಥಮಿಕ ಶಿಕ್ಷಣ, ಆರೋಗ್ಯ ಸೇರಿ 29 ವಿಷಯ. ಚುನಾವಣೆ ನಡೆಸಲು ರಾಜ್ಯ ಚುನಾವಣಾ ಆಯೋಗ, ಹಣ ಹಂಚಿಕೆಗೆ ರಾಜ್ಯ ಹಣಕಾಸು ಆಯೋಗ. ಗ್ರಾಮ ಪಂಚಾಯತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ, ಉಳಿದೆರಡು ಹಂತಗಳದ್ದು ಪಕ್ಷದ ಚಿಹ್ನೆಯ ಮೇಲೆ.

ಎಲ್ಲಕ್ಕಿಂತ ಬುಡದಲ್ಲಿರುವುದು ಗ್ರಾಮ ಸಭೆ. ಲೋಕಸಭೆಗೆ ನೀವು ಯಾರನ್ನೋ ಕಳಿಸುತ್ತೀರಿ. ಗ್ರಾಮ ಸಭೆಗೆ ನೀವೇ ಸದಸ್ಯರು. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಮನೆ ಯಾರಿಗೆ ಮಂಜೂರಾಗಬೇಕು, ಯಾವ ರಸ್ತೆ ಮೊದಲು ಎಂದು ಕೈ ಎತ್ತಿ ಕೇಳುವ ಹಕ್ಕು ನಿಮಗಿದೆ. ಇಷ್ಟು ನೇರವಾದ ಅಧಿಕಾರ ನಮ್ಮ ಇಡೀ ವ್ಯವಸ್ಥೆಯಲ್ಲಿ ಬೇರೆಲ್ಲೂ ಇಲ್ಲ.

ಆದರೆ ಗ್ರಾಮ ಸಭೆಯಲ್ಲಿ ನೀವು ಪ್ರಶ್ನೆ ಕೇಳಿದಾಗ ಏನಾಗುತ್ತದೆ? ಅಧ್ಯಕ್ಷರು ಪಂಚಾಯತಿ ಅಭಿವೃದ್ಧಿ ಅಧಿಕಾರಿಯ, ಅಂದರೆ ಪಿಡಿಒ ಮುಖ ನೋಡುತ್ತಾರೆ. ಪಿಡಿಒ ತಾಲ್ಲೂಕು ಪಂಚಾಯತಿಯ ಕಾರ್ಯನಿರ್ವಾಹಕ ಅಧಿಕಾರಿಯ ಕಡೆ ಕೈ ತೋರಿಸುತ್ತಾರೆ, ಅವರು ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯಾದ ಸಿಇಒ ಕಡೆ. ಸಿಇಒ ಅವರನ್ನು ಕೂರಿಸಿ ಕೇಳಬೇಕಾದವರು ಜಿಲ್ಲಾ ಪಂಚಾಯತಿಯ ಸದಸ್ಯರು. ಅಂಗನವಾಡಿ ಕಟ್ಟಡ ಏಕೆ ಅರ್ಧಕ್ಕೆ ನಿಂತಿದೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಔಷಧ ಏಕಿಲ್ಲ ಎಂದು ಸಾಮಾನ್ಯ ಸಭೆಯಲ್ಲಿ ಇಲಾಖೆಯ ಅಧಿಕಾರಿಗಳಿಗೆ ಬೆವರಿಳಿಸುತ್ತಿದ್ದವರು ಅವರು. ಅವರು ಎಲ್ಲಿದ್ದಾರೆ?

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿಯಿತು. ಆ ವರ್ಷ ಚುನಾವಣೆ ಇಲ್ಲ. 2022ರಲ್ಲಿ ಇಲ್ಲ, 2023ರಲ್ಲಿ ಇಲ್ಲ, 2024ರಲ್ಲಿಯೂ ಇಲ್ಲ. ಸದಸ್ಯರ ಜಾಗಕ್ಕೆ ಆಡಳಿತಾಧಿಕಾರಿಗಳು ಬಂದರು. 243ಇ ವಿಧಿಯಲ್ಲಿ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ ಎಂದಿದೆ. ಅವಧಿ ತೀರುವ ಮುನ್ನವೇ ಚುನಾವಣೆ ಮುಗಿಯಬೇಕು ಎಂದೂ ಇದೆ. ಕ್ಷೇತ್ರ ಮರುವಿಂಗಡಣೆ ಆಗಬೇಕು, ಹಿಂದುಳಿದ ವರ್ಗಗಳ ಮೀಸಲಾತಿ ಸುಪ್ರೀಂ ಕೋರ್ಟ್ ಹೇಳಿದಂತೆ ನಿಗದಿಯಾಗಬೇಕು ಎಂಬ ಕಾರಣಗಳು ಬಂದವು. ಮೀಸಲಾತಿಯ ಪ್ರಶ್ನೆ ನಿಜವಾದದ್ದು, ಅದನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ ಕ್ಷೇತ್ರ ವಿಂಗಡಿಸುವ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೊಂದು ಆಯೋಗಕ್ಕೆ ಕೊಟ್ಟದ್ದು 2021ರಲ್ಲಿ ನಮ್ಮ ವಿಧಾನಮಂಡಲವೇ ಮಾಡಿದ ತಿದ್ದುಪಡಿ. ಪಕ್ಷ ಯಾವುದೇ ಅಧಿಕಾರದಲ್ಲಿರಲಿ, ತನ್ನ ಕ್ಷೇತ್ರದೊಳಗೆ ಇನ್ನೊಬ್ಬ ಜನಪ್ರತಿನಿಧಿ ಬೆಳೆಯುವುದು ಶಾಸಕರಿಗೆ ಬೇಕಿಲ್ಲ ಎಂದೇ ನನ್ನ ಅನಿಸಿಕೆ.

ನಷ್ಟ ಮಾತಿನದಷ್ಟೇ ಅಲ್ಲ, ದುಡ್ಡಿನದೂ ಹೌದು. ಜಿಲ್ಲಾ ಪಂಚಾಯತಿಗೆ ಗ್ರಾಮ ಪಂಚಾಯತಿಯಂತೆ ಮನೆ ಕಂದಾಯದ ಆದಾಯವಿಲ್ಲ, ಅದು ಬದುಕುವುದು ಅನುದಾನದಿಂದ. ಹದಿನೈದನೇ ಹಣಕಾಸು ಆಯೋಗ ಮೂರೂ ಹಂತಗಳಿಗೆ ಅನುದಾನ ಗೊತ್ತುಪಡಿಸಿತು. ಆದರೆ ಅದನ್ನು ಪಡೆಯಲು ಆಯ್ಕೆಯಾದ ಸಂಸ್ಥೆ ಇರಬೇಕೆಂಬ ಷರತ್ತಿತ್ತು.

ಒಂದು ಹೋಲಿಕೆಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ರಾಜ್ಯ ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ಹೇರಿದರೆ, 356ನೇ ವಿಧಿಯಂತೆ ಎರಡು ತಿಂಗಳೊಳಗೆ ಸಂಸತ್ತಿನ ಒಪ್ಪಿಗೆ ಪಡೆಯಬೇಕು. ಆರಾರು ತಿಂಗಳಿಗೆ ಮತ್ತೆ ಕೇಳಬೇಕು. ಒಂದು ವರ್ಷ ಮೀರಿದರೆ ಕಠಿಣ ಷರತ್ತುಗಳಿವೆ, ಮೂರು ವರ್ಷಕ್ಕೆ ಕೊನೆ. ಜಿಲ್ಲಾ ಪಂಚಾಯತಿಯಲ್ಲಿ ಆಡಳಿತಾಧಿಕಾರಿ ಕೂತರೆ? ಮೇಲಿನ ಯಾವ ಸದನವೂ ಆರು ತಿಂಗಳಿಗೊಮ್ಮೆ ಕೈ ಎತ್ತಿ ಒಪ್ಪಬೇಕೆಂದು ಸಂವಿಧಾನ ಹೇಳಿಲ್ಲ. 73ನೇ ತಿದ್ದುಪಡಿಯನ್ನು ಬರೆದವರು ಚುನಾವಣೆ ಹೊತ್ತಿಗೆ ಸರಿಯಾಗಿ ನಡೆದೇ ನಡೆಯುತ್ತದೆ ಎಂದು ನಂಬಿದ್ದರೇನೋ.

ಆದ್ದರಿಂದ ನಾನು ಕೇಳುವುದು ಎರಡು. ಕ್ಷೇತ್ರ ವಿಂಗಡಣೆ ಮತ್ತು ಮೀಸಲಾತಿ ಪಟ್ಟಿ ಎರಡೂ ರಾಜ್ಯ ಚುನಾವಣಾ ಆಯೋಗದ ಕೈಗೆ ಬರಲಿ. ಆಡಳಿತಾಧಿಕಾರಿಯ ಅವಧಿ ಆರು ತಿಂಗಳು ದಾಟಬೇಕಾದರೆ ಸರ್ಕಾರ ವಿಧಾನಮಂಡಲದ ಎರಡೂ ಸದನಗಳಲ್ಲಿ ಕಾರಣ ಹೇಳಿ, ಮತಕ್ಕೆ ಹಾಕಿ ಒಪ್ಪಿಗೆ ಪಡೆಯಲಿ. ಆಗ ಯಾವ ಶಾಸಕರು ಕೈ ಎತ್ತಿದರು ಎಂಬುದು ಕಲಾಪದ ದಾಖಲೆಯಲ್ಲಿ ಹೆಸರು ಸಮೇತ ಉಳಿಯುತ್ತದೆ.

ನಿಮ್ಮ ಪ್ರಶ್ನೆಗಳಿಗೆ ಈಗ ಸಮಯವಿದೆ. ಹಿಂದಿನ ಸಾಲಿನಿಂದಲೇ ಶುರುವಾಗಲಿ.