ಪ್ರಶ್ನೆಯನ್ನು ಬಾಲದಿಂದ ಓದಿ

ಕೇಳುಗರಿಗೆಲ್ಲ ನಮಸ್ಕಾರ.

ಧರ್ಮಗಳ ಅಧ್ಯಯನದ ಪರೀಕ್ಷೆ ಮುಗಿಸಿ ಬಂದ ಹುಡುಗನನ್ನು ಹೇಗಾಯ್ತು ಅಂತ ಕೇಳಿ. "ಬುದ್ಧನ ಪ್ರಶ್ನೆ ಬಂದಿತ್ತು ಸಾರ್, ನಾಲ್ಕು ಪುಟ ಬರೆದೆ" ಅನ್ನುತ್ತಾನೆ. ಬುದ್ಧನ ಪ್ರಶ್ನೆ ಅಂತ ಒಂದು ಪ್ರಶ್ನೆ ಇರುವುದಿಲ್ಲ. ಬುದ್ಧನ ವಿಚಾರದಲ್ಲಿ ಏನು ಕೇಳಿದ್ದರು ಅಂದರೆ, ಆಗ ಜೇಬಿನಿಂದ ಪ್ರಶ್ನೆಪತ್ರಿಕೆ ತೆಗೆದು ನೋಡುತ್ತಾನೆ. ಮುಖ ಸಣ್ಣದಾಗುತ್ತದೆ.

ಉತ್ತರಪತ್ರಿಕೆ ತಿದ್ದುವಾಗ ಇಂಥ ನಾಲ್ಕು ಪುಟಗಳನ್ನು ನಾನು ಬೇಕಾದಷ್ಟು ಓದಿದ್ದೇನೆ. ಓದದೆ ಅಂಕ ಕಳೆದುಕೊಂಡವರಿಗಿಂತ, ಓದಿದ್ದನ್ನೆಲ್ಲ ಸುರಿದು ಕಳೆದುಕೊಂಡವರನ್ನು ನೋಡಿದಾಗಲೇ ಹೊಟ್ಟೆ ಉರಿಯುತ್ತಿತ್ತು.

ಇದರಲ್ಲಿ ನಮ್ಮ ಭಾಷೆಯದೂ ಸ್ವಲ್ಪ ಪಾಲಿದೆ. ಕನ್ನಡದಲ್ಲಿ ಏನು ಮಾಡಬೇಕು ಅನ್ನುವ ಮಾತು ಬರುವುದು ಸಾಲಿನ ಕೊನೆಗೆ. ಈ ಪ್ರಶ್ನೆ ಕೇಳಿ: 'ನಾಲ್ಕು ಆರ್ಯಸತ್ಯಗಳಲ್ಲಿ ಎರಡನೆಯದರಿಂದ ಮೂರನೆಯದು ಹೇಗೆ ಹುಟ್ಟುತ್ತದೆ, ವಿವರಿಸಿ.' 'ನಾಲ್ಕು ಆರ್ಯಸತ್ಯ' ಅಂತ ಕಂಡ ಕೂಡಲೇ ಕೈ ಓಡಲು ಶುರು. ದುಃಖವಿದೆ, ಅದಕ್ಕೆ ಕಾರಣವಿದೆ, ಅದನ್ನು ನಿಲ್ಲಿಸಬಹುದು, ನಿಲ್ಲಿಸುವುದಕ್ಕೆ ದಾರಿ ಇದೆ, ಆ ದಾರಿಗೆ 8 ಅಂಗಗಳು. ಒಂದೂ ತಪ್ಪಿಲ್ಲ. ಆದರೆ ಕೇಳಿದ್ದು ಎರಡಕ್ಕೂ ಮೂರಕ್ಕೂ ಇರುವ ನಂಟು. ದುಃಖ ಹುಟ್ಟುವುದು ತೃಷ್ಣೆಯಿಂದ, ಅಂದರೆ ತೀರದ ಆಸೆಯಿಂದ ಅಂದಮೇಲೆ, ತೃಷ್ಣೆ ಹೋದರೆ ದುಃಖವೂ ಹೋಗಬೇಕು, ಅಲ್ವಾ? ಈ ಎಳೆಯೊಂದನ್ನು ಬಿಡಿಸಿದ್ದರೆ ಒಂದು ಪುಟ ಸಾಕಾಗುತ್ತಿತ್ತು.

ಹಾಗಾಗಿ ಪ್ರಶ್ನೆಯನ್ನು ಬಾಲದಿಂದ ಓದಿ ಅಂತ ನಾನು ಹೇಳುತ್ತಿದ್ದೆ. ಮೊದಲು ಕೊನೆಯ ಪದ. 'ಹೆಸರಿಸಿ', 'ತಿಳಿಸಿ' ಇದ್ದರೆ ಚಿಂತೆ ಇಲ್ಲ, ಎರಡು ಸಾಲು ಬರೆದು ಮುಂದೆ ಹೋಗಿ. 'ವಿವರಿಸಿ' ಅಂದರೆ ಏಕೆ, ಹೇಗೆ ಅನ್ನುವುದು ಬರಬೇಕು.

'ಹೋಲಿಸಿ' ಅಂದಾಗ ಮಕ್ಕಳು ಎಡವುವುದು ಜಾಸ್ತಿ. 'ಜೈನ ಗೃಹಸ್ಥರ ಐದು ಅಣುವ್ರತಗಳನ್ನೂ ಬೌದ್ಧರ ಪಂಚಶೀಲವನ್ನೂ ಹೋಲಿಸಿ' ಅಂತ ಬಂತು ಅನ್ನಿ. ಒಂದು ಪುಟ ಜೈನರಿಗೆ, ಒಂದು ಪುಟ ಬೌದ್ಧರಿಗೆ. ಎರಡೂ ಅಕ್ಕಪಕ್ಕ ಸುಮ್ನೆ ಕೂತಿರುತ್ತವೆ, ಒಂದನ್ನೊಂದು ಮಾತಾಡಿಸುವುದೇ ಇಲ್ಲ. ಎರಡು ಪಟ್ಟಿಗಳನ್ನೂ ಎದುರುಬದುರು ಇಟ್ಟು ನೋಡಿ. ಕೊಲ್ಲಬಾರದು, ಸುಳ್ಳಾಡಬಾರದು, ಕದಿಯಬಾರದು, ಕಾಮದಲ್ಲಿ ದಾರಿ ತಪ್ಪಬಾರದು. ಅನುಕ್ರಮ ಬೇರೆ ಇದ್ದರೂ ಈ ನಾಲ್ಕು ಎರಡೂ ಕಡೆ ಇವೆ. ಐದನೆಯದರಲ್ಲಿ ದಾರಿ ಕವಲಾಗುತ್ತದೆ. ಜೈನರದು ಅಪರಿಗ್ರಹ, ಅಂದರೆ ಕೂಡಿಡುವುದಕ್ಕೆ ಮಿತಿ. ಬೌದ್ಧರದು ಅಮಲಿನ ಪದಾರ್ಥ ಮುಟ್ಟದಿರುವುದು. ಹೋಲಿಕೆಯ ಜೀವ ಇರುವುದು ಇಲ್ಲಿ. ಬೌದ್ಧರಿಗೆ ಎಚ್ಚರವೇ ಸಾಧನೆ. ಅಮಲು ಏರಿದರೆ ಎಚ್ಚರ ತಪ್ಪಿತು, ಮಿಕ್ಕ ನಾಲ್ಕು ಶೀಲಗಳೂ ಅದರ ಹಿಂದೆ ಹೋದವು. ಜೈನರಿಗೆ 'ನನ್ನದು' ಅನ್ನುವ ಅಂಟು ಆತ್ಮಕ್ಕೆ ಕಟ್ಟು. ಹಾಗಂತ ಜೈನರು ಮದ್ಯಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ ಅಂತ ಬರೆದು ಬಿಟ್ಟೀರಿ! ಅಲ್ಲಿ ಅದು ಅಹಿಂಸೆಯ ಲೆಕ್ಕದಲ್ಲೇ ವರ್ಜ್ಯ.

ಸಾಲಿಗೆ ಬಾಲ ಇರುವ ಹಾಗೆ ಪದಕ್ಕೂ ಬಾಲ ಇದೆ. ಅದು ಇನ್ನೂ ಸಣ್ಣದು, ಕಣ್ಣಿಗೆ ಬೀಳುವುದಿಲ್ಲ. 'ಇಸ್ಲಾಮಿನ ಐದು ಸ್ತಂಭಗಳಲ್ಲಿ ನಮಾಜೇ ಮುಖ್ಯ. ಈ ಮಾತನ್ನು ವಿಮರ್ಶಿಸಿ.' ನಮಾಜ್ ಅಲ್ಲ, ನಮಾಜೇ. ಆ ಒಂದು ಏಕಾರದಲ್ಲಿ ಇಡೀ ಪ್ರಶ್ನೆ ಕೂತಿದೆ. ನಮಾಜ್ ಮುಖ್ಯವೋ ಅಲ್ಲವೋ ಅಂತ ಯಾರೂ ಕೇಳುತ್ತಿಲ್ಲ. ಉಳಿದ ನಾಲ್ಕಕ್ಕಿಂತ ಮುಖ್ಯವೋ ಅನ್ನುವುದು ತಕರಾರು. ಪರವಾಗಿ ಹೇಳುವುದಕ್ಕೆ ಇದೆ: ಹಜ್ ಶಕ್ತಿ ಇದ್ದವರಿಗೆ ಬದುಕಿನಲ್ಲಿ ಒಂದು ಸಲ, ಝಕಾತ್ ಅನ್ನುವ ಕಡ್ಡಾಯ ದಾನ ಇಷ್ಟು ಆಸ್ತಿ ಇದ್ದವರಿಗೆ ಮಾತ್ರ, ರಮಝಾನಿನ ಉಪವಾಸದಲ್ಲಿ ಕಾಯಿಲೆಯವರಿಗೂ ಪ್ರಯಾಣಿಕರಿಗೂ ರಿಯಾಯಿತಿ. ನಮಾಜ್ ಹಾಗಲ್ಲ, ದಿನಕ್ಕೆ 5 ಸಲ. ಎದ್ದು ನಿಲ್ಲಲು ಆಗದವರು ಕೂತು ಮಾಡಬೇಕು, ಕೂರಲೂ ಆಗದಿದ್ದರೆ ಮಲಗಿದಲ್ಲೇ. ಎದುರು ವಾದವೂ ಗಟ್ಟಿ ಇದೆ. ದೇವರು ಒಬ್ಬನೇ, ಮುಹಮ್ಮದರು ಆತನ ದೂತರು ಅನ್ನುವ ಶಹಾದಾ ಇಲ್ಲದೆ ನಮಾಜಿಗೆ ಅರ್ಥ ಎಲ್ಲಿಂದ? ಎರಡನ್ನೂ ತೂಗಿ, ನಿಮ್ಮ ತೀರ್ಮಾನ ಯಾವ ಕಡೆಗೆ, ಏಕೆ ಅಂತ ಹೇಳಬೇಕು. ಯಾವ ಕಡೆ ನಿಂತರೂ ಪರವಾಗಿಲ್ಲ. 'ಎರಡೂ ಸರಿ' ಅಂತ ಜಾರಿಕೊಳ್ಳಬೇಡಿ. ತಿದ್ದುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ನೆನಪಿರುವುದು 'ಗೆ' ಅನ್ನುವ ಬಾಲ. 'ಯೇಸುವಿನ ಪುನರುತ್ಥಾನ ಕ್ರೈಸ್ತರಿಗೆ ಏಕೆ ಮುಖ್ಯ?' ಒಬ್ಬ ವಿದ್ಯಾರ್ಥಿ ಸತ್ತವರು ಏಳುವುದುಂಟೇ ಅಂತ ಎರಡು ಪುಟ ವಾದ ಹೂಡಿದ್ದ. ಇನ್ನೊಬ್ಬಳು ಎರಡು ಪುಟ ಪ್ರಾರ್ಥನೆ ಬರೆದಿದ್ದಳು, ನಿಜಕ್ಕೂ ಮನಸ್ಸು ತಟ್ಟುವ ಹಾಗಿತ್ತು. ಇಬ್ಬರಿಗೂ ನಾನು ಅಂಕ ಕೊಡಲಾಗಲಿಲ್ಲ. ಪ್ರಶ್ನೆ ಕೇಳಿದ್ದು ನಿನಗೆ ಅಲ್ಲ, ನನಗೂ ಅಲ್ಲ, ಕ್ರೈಸ್ತರಿಗೆ. ಕ್ರಿಸ್ತ ಎದ್ದು ಬರಲಿಲ್ಲವಾದರೆ ನಿಮ್ಮ ನಂಬಿಕೆಯೇ ವ್ಯರ್ಥ ಅನ್ನುವ ಅರ್ಥದ ಮಾತು ಕ್ರೈಸ್ತಧರ್ಮದ ಆದಿಪ್ರಚಾರಕ ಪೌಲ ಕೊರಿಂಥ ಊರಿನ ಕ್ರೈಸ್ತರಿಗೆ ಬರೆದ, ಬೈಬಲಿನಲ್ಲಿರುವ ಮೊದಲ ಪತ್ರದಲ್ಲಿದೆ. ಉತ್ತರ ಶುರುವಾಗಬೇಕಾದದ್ದು ಅಂಥ ಕಡೆಯಿಂದ. ನಂಬುವವನೂ ನಂಬದವನೂ ಆ ಉತ್ತರವನ್ನು ಒಂದೇ ಥರ ಬರೆಯಬಹುದು. ಈ ವಿಷಯದಲ್ಲಿ ನನಗೆ ಇಷ್ಟವಾಗುವುದೂ ಅದೇ. 'ನೀವು ಒಪ್ಪುತ್ತೀರಾ?' ಅಂತ ಬೇರೆ ಪ್ರಶ್ನೆ ಬಂದಾಗ ನಿಮ್ಮ ವಾದ ಇದ್ದೇ ಇದೆ.

ಹೊರಡುವ ಮುಂಚೆ ಒಂದು ಪ್ರಶ್ನೆ ಕೊಡುತ್ತೇನೆ, ಬಾಲಗಳನ್ನು ನೀವೇ ಹುಡುಕಿ. 'ಶಾಶ್ವತವಾದ ಆತ್ಮ ಇಲ್ಲ ಎಂದರೂ ಪುನರ್ಜನ್ಮ ಇದೆ ಎಂದು ಬೌದ್ಧರು ಹೇಗೆ ಸಮರ್ಥಿಸುತ್ತಾರೆ?' ಪುನರ್ಜನ್ಮ ಇದೆಯೇ ಇಲ್ಲವೇ ಅಂತ ಹೊರಟರೆ ದಾರಿ ತಪ್ಪಿದಿರಿ. 'ಎಂದರೂ' ಅನ್ನುವಲ್ಲಿ ಬೆರಳಿಟ್ಟು ನಿಲ್ಲಿ. ಒಂದು ದೀಪದಿಂದ ಇನ್ನೊಂದು ದೀಪ ಹಚ್ಚಿದಾಗ ದಾಟಿಹೋದದ್ದು ಏನು ಅಂತ ಅವರು ಕೇಳುತ್ತಾರೆ. ಮೊದಲ ದೀಪದಿಂದ ವಸ್ತು ಅಂತ ಏನೂ ಎದ್ದು ಹೋಗಲಿಲ್ಲ. ಆದರೂ ಅದು ಇಲ್ಲದಿದ್ದರೆ ಎರಡನೆಯದು ಹತ್ತುತ್ತಿರಲಿಲ್ಲ. ಇನ್ನು ಅಲ್ಲಿಂದ ನೀವು ಬರೆಯಿರಿ.

ನಮಸ್ಕಾರ.