ಪಾಲು, ಹಾಲು, ಆಲು

ಕೇಳುಗರಿಗೆ ನಮಸ್ಕಾರ.

ನಾಲ್ಕನೇ ಕ್ಲಾಸಿನಲ್ಲಿ ಒಂದೇ ಒಂದು ಸಾಲು ಓದಿ ನಾನು ಪೆಟ್ಟು ತಿಂದಿದ್ದೆ. ಪುಸ್ತಕದಲ್ಲಿ ಇದ್ದದ್ದು 'ಹಸು ಹಾಲು ಕೊಡುತ್ತದೆ' ಅಂತ. ನನ್ನ ಬಾಯಲ್ಲಿ ಬಂದದ್ದು 'ಅಸು ಆಲು ಕೊಡುತ್ತದೆ'. ನಮ್ಮದು ಮಂಡ್ಯದ ಕಡೆ ಹಳ್ಳಿ. ಮನೆಯಲ್ಲಿ ಎಲ್ಲರೂ ಹಾಗೇ ಅನ್ನುತ್ತಿದ್ದರು. ಮೇಷ್ಟ್ರು ಎದುರು ನಿಲ್ಲಿಸಿಕೊಂಡು 'ಹ, ಹಾ' ಅಂತ ಉಸಿರು ಬಿಡಿಸಿದರು. ಸಂಜೆ ಮನೆಗೆ ಬಂದು 'ಅಜ್ಜೀ, ಹಾಲು ಕೊಡು' ಅಂದೆ. ಅಜ್ಜಿಗೆ ನಗು ತಡೆಯಲಿಲ್ಲ. 'ಇದ್ಯಾಕ್ಲಾ ಇಂಗೆ ಏದುಸಿರು ಬಿಡ್ತೀಯ?' ಅಂದಳು.

ಸುಮಾರು ವರ್ಷ ಆದಮೇಲೆ ಭಾಷಾವಿಜ್ಞಾನ ಓದಲು ಹೋದೆ. ಮೇಷ್ಟ್ರ 'ಹಾಲು' ಕೂಡ ಒಂದು ಕಾಲಕ್ಕೆ ಹಳ್ಳಿಗರ ತಪ್ಪಿನ ಹಾಗೇ ಕೇಳಿಸಿರಬೇಕು ಅಂತ ಅಲ್ಲಿ ಗೊತ್ತಾಯಿತು. ಆ ಕತೆಗೆ ಆಮೇಲೆ ಬರುತ್ತೇನೆ.

ಭಾಷಾವಿಜ್ಞಾನ ಅಂದರೆ ತುಂಬ ಭಾಷೆ ಕಲಿಯುವುದು ಅಂದುಕೊಂಡವರೇ ಜಾಸ್ತಿ. ಮದುವೆಮನೆಯಲ್ಲಿ ಪಕ್ಕದ ಎಲೆಯವರು ಕೇಳುತ್ತಾರೆ, 'ನಿಮಗೆ ಎಷ್ಟು ಭಾಷೆ ಬರುತ್ತೆ?' ಅಂತ. ಇನ್ನು ಕೆಲವರು ನನ್ನ ಮುಂದೆ ಬಾಯಿ ಬಿಡಲು ಹಿಂಜರಿಯುತ್ತಾರೆ, ತಪ್ಪು ಹಿಡಿದುಬಿಡುತ್ತಾನೆ ಅಂತ. ಎರಡೂ ನಮ್ಮ ಕೆಲಸ ಅಲ್ಲ. ಮಳೆ ಅಳೆಯುವವರು ಮಳೆಗೆ 'ಹೀಗೆ ಸುರಿ' ಅನ್ನುತ್ತಾರಾ? ಜನ ಹೇಗೆ ಮಾತಾಡುತ್ತಾರೆ, ಅದರೊಳಗೆ ಏನು ಕಟ್ಟಳೆ ಇದೆ, ಅದು ಹೇಗೆ ಬದಲಾಗುತ್ತದೆ, ಇಷ್ಟನ್ನು ನೋಡುವುದು ನಮ್ಮ ಕೆಲಸ.

ಕಟ್ಟಳೆ ಅಂದೆ. ಅದು ವ್ಯಾಕರಣದ ಪುಸ್ತಕದಲ್ಲಿ ಮಾತ್ರ ಇರುವುದಲ್ಲ, ನಿಮ್ಮೊಳಗೇ ಇದೆ. ಬೇಕಾದರೆ ಒಂದು ಆಟ ಆಡೋಣ. 'ಗಿಬ್ಬ' ಅನ್ನುವುದು ಒಂದು ಪಾತ್ರೆ ಅಂತ ಇಟ್ಟುಕೊಳ್ಳಿ. ಅದರಲ್ಲಿ ನೀರು ತುಂಬಬೇಕು. ಏನಂತೀರಿ? 'ಗಿಬ್ಬಕ್ಕೆ ನೀರು ಹಾಕು.' ಈಗ ಗಿಬ್ಬ ಅನ್ನುವುದು ಪಕ್ಕದ ಮನೆ ಹುಡುಗನ ಅಡ್ಡಹೆಸರು. 'ಗಿಬ್ಬನಿಗೆ ನೀರು ಕೊಡು.' ಪಾತ್ರೆಯ ಹೆಸರು ಗಿಬ್ಬೆ ಅಂತಾದರೆ 'ಗಿಬ್ಬೆಗೆ'. ಈ ಪದವನ್ನು ನೀವು ಇವತ್ತೇ ಮೊದಲು ಕೇಳಿದ್ದು. ನಾನೂ ನಿನ್ನೆ ರಾತ್ರಿ ಸುಮ್ನೆ ಹುಟ್ಟಿಸಿದ್ದು. ಆದರೂ ನೀವು ತಡವರಿಸಲಿಲ್ಲ, ಅಲ್ವಾ? ಶಾಲೆಯ ಮೆಟ್ಟಿಲು ಹತ್ತದ ನಮ್ಮಜ್ಜಿಯೂ ತಡವರಿಸುತ್ತಿರಲಿಲ್ಲ. 1958ರಲ್ಲಿ ಅಮೆರಿಕದ ಜೀನ್ ಬರ್ಕೊ ಎಂಬಾಕೆ ಪುಟ್ಟ ಮಕ್ಕಳ ಜೊತೆ ಇಂಥದೇ ಆಟ ಆಡಿದರು. ಇಲ್ಲದ ಒಂದು ಪ್ರಾಣಿಯ ಚಿತ್ರ ಬರೆದು, ಅದಕ್ಕೆ 'ವಗ್' ಅಂತ ಹೆಸರಿಟ್ಟು, ಎರಡಿದ್ದರೆ ಏನನ್ನುತ್ತೀರಿ ಅಂತ ಕೇಳಿದರು. ಮಕ್ಕಳು ಸರಿಯಾಗಿಯೇ 'ವಗ್ಸ್' ಅಂದರು. ಅಂದರೆ ಮಕ್ಕಳು ಬರೀ ಬಾಯಿಪಾಠ ಮಾಡುವುದಿಲ್ಲ. ಕೇಳಿದ ಮಾತಿನಿಂದ ಕಟ್ಟಳೆಯನ್ನೇ ಹೆಕ್ಕಿಕೊಳ್ಳುತ್ತಾರೆ.

ಈಗ ಹಾಲಿಗೆ ಬರೋಣ. ತಮಿಳಿನವರು ಹಾಲಿಗೆ ಪಾಲ್ ಅನ್ನುತ್ತಾರೆ, ತೆಲುಗಿನವರು ಪಾಲು. ನಮ್ಮ ಹುಲಿ ತಮಿಳಿನಲ್ಲೂ ತೆಲುಗಿನಲ್ಲೂ ಪುಲಿ. ಮಂಗಳೂರಿಗೆ ಹೋದರೆ ತುಳುವಿನಲ್ಲಿ ಪಿಲಿ, ದಸರೆಯ ಪಿಲಿವೇಷ ನೀವು ನೋಡಿರುತ್ತೀರಿ. ನಮ್ಮ ಹೂವು ತಮಿಳರಿಗೂ ತುಳುವರಿಗೂ ಪೂ. ಒಂದೆರಡು ಪದ ಹೀಗಿದ್ದರೆ ಕಾಕತಾಳೀಯ ಅನ್ನಬಹುದಿತ್ತು. ಸಾಲುಸಾಲಾಗಿ ಇದ್ದರೆ? ಇವೆಲ್ಲ ಒಂದೇ ಮನೆತನದ ಭಾಷೆಗಳು, ಸಂಸ್ಕೃತದಿಂದ ಹುಟ್ಟಿದವಲ್ಲ ಅಂತ 1816ರಲ್ಲೇ ಮದರಾಸಿನ ಅಧಿಕಾರಿ ಎಲ್ಲಿಸ್ ತೋರಿಸಿಕೊಟ್ಟರು. 1856ರಲ್ಲಿ ಕಾಲ್ಡ್‌ವೆಲ್ ಎಂಬ ಪಾದ್ರಿ ಈ ದ್ರಾವಿಡ ಭಾಷೆಗಳನ್ನು ಹೋಲಿಸಿ ದೊಡ್ಡ ವ್ಯಾಕರಣವನ್ನೇ ಬರೆದರು.

ಹಾಗಾದರೆ ಬದಲಾದವರು ಯಾರು, ಅವರೋ ನಾವೋ? ನಾವೇ. ಸಾಕ್ಷಿ ಕಲ್ಲಿನಲ್ಲಿದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ ಸುಮಾರು ಕ್ರಿ.ಶ. 450ರದು. ಅದರಲ್ಲಿ 'ಹೊಗಳೆ' ಅನ್ನುವ ಕಡೆ 'ಪೊಗಳೆ' ಅಂತಿದೆ. ಪಂಪನ ಕಾಲಕ್ಕೂ ಹಾಲು ಪಾಲೇ. ಸುಮಾರು ಹತ್ತನೇ ಶತಮಾನದಿಂದ ಶಾಸನಗಳಲ್ಲಿ ಅಲ್ಲೊಂದು ಇಲ್ಲೊಂದು 'ಹ' ಇಣುಕುತ್ತದೆ. ಆಮೇಲೆ ಅದೇ ತುಂಬಿಕೊಳ್ಳುತ್ತದೆ. ಈ ವಿಚಾರಕ್ಕೆ ನಾನು ಓಲೆಗರಿಗಿಂತ ಕಲ್ಲನ್ನೇ ಹೆಚ್ಚು ನಂಬುತ್ತೇನೆ. ಗರಿಯನ್ನು ನಕಲು ಮಾಡುವವನು ತನಗೆ ಗೊತ್ತಿಲ್ಲದೆಯೇ ತನ್ನ ಕಾಲದ ಮಾತನ್ನು ಸೇರಿಸಿಬಿಡುತ್ತಾನೆ. ಕಲ್ಲಿನಲ್ಲಿ ಆ ಕಾಟ ಕಡಿಮೆ.

'ಪ' ಹೇಳಿ ನೋಡಿ. ಎರಡು ತುಟಿಯೂ ಗಟ್ಟಿಯಾಗಿ ಮುಚ್ಚಬೇಕು. ಮುಚ್ಚುವುದು ಸ್ವಲ್ಪ ಸಡಿಲವಾದರೆ ಬರೀ ಗಾಳಿ ಹೊರಗೆ ಬರುತ್ತದೆ. ಆ ಗಾಳಿಯೇ 'ಹ'. ಇದು ನಮ್ಮೊಬ್ಬರ ಚಾಳಿಯೇನಲ್ಲ, ಜಪಾನಿ ಭಾಷೆಯಲ್ಲೂ ಹಳೆಯ 'ಪ' ಹೀಗೇ 'ಹ' ಆಗಿದೆ.

ಇಲ್ಲಿ ಜಾಣ ಕೇಳುಗರೊಬ್ಬರು ಅಡ್ಡ ಹಾಕಬಹುದು. 'ಸ್ವಾಮಿ, ಹಾಗಾದರೆ ಉಪ್ಪು ಯಾಕೆ ಉಹ್ಹು ಆಗಲಿಲ್ಲ? ಪುಸ್ತಕ ಯಾಕೆ ಹುಸ್ತಕ ಆಗಲಿಲ್ಲ?' 1870ರ ದಶಕದಲ್ಲಿ ಜರ್ಮನಿಯ ಲೈಪ್ಝಿಗ್‌ನ ಕೆಲವು ಯುವ ವಿದ್ವಾಂಸರು, ಉಚ್ಚಾರ ಬದಲಾಗುವ ನಿಯಮಕ್ಕೆ ಅಪವಾದವೇ ಇಲ್ಲ ಅಂತ ಹಟ ಹಿಡಿದಿದ್ದರು. ಅತಿಯಾಯಿತು ಅನಿಸಿದರೂ ಆ ಹಟ ಒಳ್ಳೆಯದೇ. ಹಟ ಇದ್ದರೆ ಹುಡುಕುತ್ತೇವೆ. ಹುಡುಕಿದರೆ ಕಾಣುವುದಿಷ್ಟು. ಬದಲಾದದ್ದು ಪದದ ಮೊದಲಲ್ಲಿರುವ 'ಪ' ಮಾತ್ರ. ಉಪ್ಪು, ತುಪ್ಪ, ಕೆಂಪು, ತಂಪು ಹಾಗೇ ಉಳಿದವು. ಇನ್ನು ಪುಸ್ತಕ ನಮ್ಮಲ್ಲಿಗೆ ಎರಡು ಸಲ ಬಂದಿದೆ. ಮೊದಲ ಸಲ ಜನರ ಬಾಯಿಗೆ ಬಂದು ಪೊತ್ತಗೆ ಆಗಿ, ಆಮೇಲೆ ಎಲ್ಲದರ ಜೊತೆ ಹೊತ್ತಗೆ ಆಯಿತು. ಇನ್ನೊಮ್ಮೆ ಓದಿದವರ ಕೈಯಲ್ಲಿ ಸಂಸ್ಕೃತದ ಪುಸ್ತಕವಾಗಿಯೇ ಉಳಿಯಿತು. ಪರ್ವ ಹಬ್ಬ ಆದದ್ದೂ ಇದೇ ದಾರಿಯಲ್ಲಿ. ನಿಯಮ ಮುರಿದಂತೆ ಕಾಣುವ ಪದವೇ ತಾನು ಯಾವಾಗ ಬಂದೆ, ಯಾರ ಜೊತೆ ಬಂದೆ ಅಂತ ಹೇಳಿಬಿಡುತ್ತದೆ.

ಈಗ ನಮ್ಮೂರಿನ 'ಆಲು' ನೋಡಿ. ತುಟಿ ಸಡಿಲವಾಗಿ ಪಾಲು ಹಾಲಾಯಿತು. ಉಸಿರೂ ಸಡಿಲವಾಗಿ ಹಾಲು ಆಲಾಯಿತು. ಮೇಷ್ಟ್ರು ಆ ದಾರಿಯಲ್ಲಿ ಒಂದು ಹೆಜ್ಜೆ ಬಂದು ನಿಂತಿದ್ದರು. ಅಜ್ಜಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಳು, ಅಷ್ಟೇ. ಪೆಟ್ಟು ಬಿದ್ದದ್ದು ಮಾತ್ರ ನನಗೆ. ಹಾಗಂತ ಮೇಷ್ಟ್ರ ಮೇಲೆ ಸಿಟ್ಟಿಲ್ಲ. ಬರೆಯಲು ಎಲ್ಲರಿಗೂ ಒಂದೇ ರೂಪ ಬೇಕಲ್ಲ, ಅದನ್ನು ಕಲಿಸಲೇಬೇಕು. ಅದು ಅನುಕೂಲದ ಮಾತು, ಮೇಲುಕೀಳಿನದಲ್ಲ.

'ಹ' ಬಿಟ್ಟರೆ ಹಕ್ಕಿಯೂ ಅಕ್ಕಿಯೂ ಒಂದೇ ಆಗಿಬಿಡಲ್ವಾ ಅಂತ ಕೇಳುತ್ತಾರೆ. ಆಗುತ್ತದೆ. ಆದರೆ 'ಮರದ ಮ್ಯಾಲೆ ಅಕ್ಕಿ ಕೂತದೆ' ಅಂದಾಗ ನಮ್ಮೂರಲ್ಲಿ ಯಾರೂ ಮೊರ ಹಿಡಿದುಕೊಂಡು ಓಡಿಬಂದದ್ದನ್ನು ನಾನಂತೂ ನೋಡಿಲ್ಲ.

ನಮಸ್ಕಾರ.