ಮೊದಲು ಇಟ್ಟಿಗೆ, ಆಮೇಲೆ ಹತ್ತು ಆಜ್ಞೆ

ಎಲ್ಲ ಸಂಡೇ ಸ್ಕೂಲ್ ಟೀಚರ್‌ಗಳಿಗೂ ನಮಸ್ಕಾರ. ಆರಾಧನೆ ಮುಗಿಸಿ, ಊಟವನ್ನೂ ಮುಂದಕ್ಕೆ ಹಾಕಿ ಕೂತಿದ್ದೀರಿ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಮ್ಮ ಮಕ್ಕಳಿಗೆ ಹತ್ತು ಆಜ್ಞೆ ಬಾಯಿಪಾಠ ಇದೆ. ಬೈಬಲಿನ ವಿಮೋಚನಕಾಂಡ 20ನೇ ಅಧ್ಯಾಯ ಅಂದರೆ ಸಾಕು, ಆರು ವರ್ಷದ ಮಗು ಕೂಡ ಒಂದೇ ಉಸಿರಿಗೆ ಒಪ್ಪಿಸುತ್ತದೆ. ನರಹತ್ಯ ಮಾಡಬಾರದು, ವ್ಯಭಿಚಾರ ಮಾಡಬಾರದು, ಕದಿಯಬಾರದು. ನಾವು ಚಪ್ಪಾಳೆ ತಟ್ಟುತ್ತೇವೆ. ಆದರೆ ಮಗುವಿನ ಕಿವಿಗೆ ಬಿದ್ದದ್ದು ಬರೀ ‘ಬಾರದು, ಬಾರದು’. ಮನೆಯಲ್ಲೂ ಅದೇ, ಶಾಲೆಯಲ್ಲೂ ಅದೇ. ಈಗ ದೇವರದ್ದೂ ಅದೇ ಮಾತು ಅಂತ ಆ ಮಗುವಿಗೆ ಅನಿಸಿದರೆ ತಪ್ಪು ಯಾರದು?

ಆ ಅಧ್ಯಾಯ ತೆಗೆದು ಮೊದಲಿನಿಂದ ಓದಿ. ದೇವರು ಇಸ್ರಾಯೇಲ್ಯರಿಗೆ ಆಡುವ ಮೊದಲ ಮಾತಿನಲ್ಲಿ ‘ಬಾರದು’ ಇಲ್ಲವೇ ಇಲ್ಲ. ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ದಾಸನಾಗಿದ್ದ ನಿನ್ನನ್ನು ಬಿಡಿಸಿಕೊಂಡು ಬಂದ ನಿನ್ನ ದೇವರು ನಾನು, ಅನ್ನುತ್ತಾರೆ. ಯೆಹೂದ್ಯರು ಈ ಸಾಲನ್ನೇ ಒಂದನೆಯದು ಅಂತ ಎಣಿಸುತ್ತಾರೆ. ಹೀಬ್ರೂ ಬೈಬಲಿನಲ್ಲಿ ಇವುಗಳ ಹೆಸರೇ ‘ಹತ್ತು ಮಾತು’. ನಾವು ಆ ಸಾಲನ್ನು ಪೀಠಿಕೆ ಅಂತ ದಾಟಿಬಿಡುತ್ತೇವೆ. ಚಿಕ್ಕ ಮಕ್ಕಳಿಗೆ ಅಲ್ಲಿಂದಲೇ ಶುರು ಮಾಡಿ ಅನ್ನುವುದೊಂದೇ ಇವತ್ತು ನನ್ನ ಬೇಡಿಕೆ.

ಎಣಿಕೆ ಅಂದಾಗ ಒಂದು ಮಾತು. ಪಕ್ಕದ ಮನೆಯ ಕಥೋಲಿಕ ಮಗು ‘ಕದಿಯಬಾರದು’ ಏಳನೆಯದು ಅನ್ನುತ್ತದೆ, ನಮ್ಮ ಮಗು ಎಂಟನೆಯದು ಅನ್ನುತ್ತದೆ. ಇಬ್ಬರದೂ ಸರಿ. ವಿಗ್ರಹದ ಮಾತನ್ನು ಅವರು ಒಂದನೆಯದರ ಜೊತೆಗೇ ಸೇರಿಸುತ್ತಾರೆ, ಕೊನೆಯಲ್ಲಿ ನೆರೆಯವನದ್ದನ್ನು ಆಶಿಸಬಾರದು ಅನ್ನುವ ಮಾತನ್ನು ಎರಡು ಮಾಡುತ್ತಾರೆ. ಮಕ್ಕಳು ಇದಕ್ಕೆ ಜಗಳ ಆಡಿದರೆ ಹೀಗೆ ಹೇಳಿ ಮುಗಿಸಿ.

ಈಗ ಐಗುಪ್ತ. ಐದು ವರ್ಷದ ಮಗುವಿಗೆ ದಾಸತ್ವ ಅಂದರೆ ಏನು ಗೊತ್ತು? ಅದಕ್ಕೇ ನಾನು ಮೊದಲ ಎರಡು ವಾರ ಆಜ್ಞೆಯ ಸುದ್ದಿಯೇ ಎತ್ತುವುದಿಲ್ಲ. ಮಣ್ಣು ಕಲಸುತ್ತೇನೆ. ಒಂದು ಬಕೆಟ್ ಕೆಸರು, ಸಣ್ಣಗೆ ಕತ್ತರಿಸಿದ ಒಣಹುಲ್ಲು, ಖಾಲಿ ಬೆಂಕಿಪೊಟ್ಟಣದ ಒಳಗಿನ ಡಬ್ಬಿ. ಅದೇ ಅಚ್ಚು. ತಲೆಗೆ ನಾಲ್ಕು ಇಟ್ಟಿಗೆ. ಬಿಸಿಲಿಗೆ ಇಟ್ಟು ಮುಂದಿನ ವಾರ ನೋಡಿದರೆ ಗಟ್ಟಿಯಾಗಿರುತ್ತವೆ.

ಎರಡನೇ ವಾರ ಹುಲ್ಲು ಕೊಡುವುದಿಲ್ಲ. ‘ಹುಲ್ಲು ನೀವೇ ಹುಡುಕಿ ತನ್ನಿ, ಇಟ್ಟಿಗೆ ಮಾತ್ರ ನಾಲ್ಕೇ ಬೇಕು, ಟೈಮೂ ಅಷ್ಟೇ’ ಅನ್ನುತ್ತೇನೆ. ಒಂದು ಸಲ ಒಬ್ಬ ಹುಡುಗಿ ಬರೀ ಕೆಸರನ್ನೇ ಅಚ್ಚಿಗೆ ತುಂಬಿ ತಟ್ಟಿದಳು. ಈಚೆ ತೆಗೆಯುವಾಗಲೇ ನಡುವೆ ಮುರಿಯಿತು. ಎರಡು ತುಂಡನ್ನೂ ಒಂದಕ್ಕೊಂದು ಒತ್ತಿ ಹಿಡಿದುಕೊಂಡು, ‘ಟೀಚರ್, ಇದು ಮೋಸ’ ಅಂದಳು. ಕಣ್ಣಲ್ಲಿ ನೀರು. ಐಗುಪ್ತದ ರಾಜ ಫರೋಹನ ಕಥೆಯನ್ನು ನಾನು ಆಗ ಹೇಳಿದೆ. ಇಟ್ಟಿಗೆ ಮಾಡುವ ಇಸ್ರಾಯೇಲ್ಯರಿಗೆ ಹುಲ್ಲು ನಿಲ್ಲಿಸಿದ, ಲೆಕ್ಕ ಇಳಿಸಲಿಲ್ಲ, ಕಮ್ಮಿಯಾದರೆ ಹೊಡೆಸಿದ. ವಿಮೋಚನಕಾಂಡ 5ರಲ್ಲಿ ಇದೆ. ‘ಆಮೇಲೆ ಅವರನ್ನು ಯಾರೂ ಬಿಡಿಸಲಿಲ್ವಾ?’ ಅಂತ ಅವಳೇ ಕೇಳಿದಳು. ಆ ಪ್ರಶ್ನೆ ಮಗುವಿನ ಬಾಯಿಂದ ಬರುವ ತನಕ ಕಾಯಿರಿ. ಹತ್ತು ಆಜ್ಞೆ ಸಿಕ್ಕ ಸೀನಾಯಿ ಬೆಟ್ಟಕ್ಕೆ ದಾರಿ ಅಲ್ಲಿಂದಲೇ.

ಹೀಗೆ ಹೋದರೆ ಸಬ್ಬತ್ ದಿನದ, ಅಂದರೆ ವಾರದ ವಿಶ್ರಾಂತಿ ದಿನದ, ಆಜ್ಞೆ ಎಷ್ಟು ಬೇರೆಯಾಗಿ ಕೇಳುತ್ತದೆ ನೋಡಿ. ಧರ್ಮೋಪದೇಶಕಾಂಡ 5ರಲ್ಲಿ ನಿನ್ನ ಆಳು, ನಿನ್ನ ಎತ್ತು, ನಿನ್ನ ಕತ್ತೆ, ಎಲ್ಲಕ್ಕೂ ವಿಶ್ರಾಂತಿ ಸಿಗಲಿ, ನೀನೂ ದಾಸನಾಗಿದ್ದೆ ಅಲ್ವಾ, ಅನ್ನುತ್ತಾರೆ ದೇವರು. ‘ಕತ್ತೆಗೂ ರಜೆನಾ?’ ಅಂತ ಮಕ್ಕಳು ಕುಣಿಯುತ್ತವೆ. ಕುಣಿಯಲಿ. ನಮ್ಮ ಸಂಡೇ ಸ್ಕೂಲ್ ಬೆಳೆದದ್ದೂ ಇಂಥ ರಜೆಯಿಂದಲೇ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ರಾಬರ್ಟ್ ರೈಕ್ಸ್ ಬಡ ಮಕ್ಕಳಿಗೆ ಶಾಲೆ ತೆರೆದಾಗ ಭಾನುವಾರವನ್ನೇ ಆರಿಸಿದರು. ವಾರವಿಡೀ ದುಡಿಯುತ್ತಿದ್ದ ಮಕ್ಕಳಿಗೆ ಬಿಡುವು ಇದ್ದದ್ದು ಅವತ್ತು ಮಾತ್ರ.

‘ವ್ಯಭಿಚಾರ ಅಂದ್ರೇನು?’ ಅಂತ ಕೇಳಿದರೆ ಗಾಬರಿ ಬೇಡ, ಗದರುವುದಂತೂ ಬೇಡವೇ ಬೇಡ. ಗಂಡ ಹೆಂಡತಿ ಮದುವೆಯ ದಿನ ಒಬ್ಬರಿಗೊಬ್ಬರು ಮಾತು ಕೊಟ್ಟಿರುತ್ತಾರೆ, ಅದನ್ನು ಮುರಿಯಬಾರದು. ಚಿಕ್ಕವರಿಗೆ ಇಷ್ಟು ಸಾಕು.

ನಿಜವಾಗಿ ಕಷ್ಟದ್ದು ‘ನಿನ್ನ ತಂದೆತಾಯಿಗಳನ್ನು ಸನ್ಮಾನಿಸಬೇಕು’. ಪಾಠ ಮುಗಿದು ಎಲ್ಲರೂ ಹೋದ ಮೇಲೆ ಒಬ್ಬ ಹುಡುಗ ಬೆಂಚಿನ ಹತ್ತಿರವೇ ನಿಂತಿದ್ದ. ಅಂಗಿಯ ಗುಂಡಿ ತಿರುಗಿಸುತ್ತಾ, ‘ಅಪ್ಪ ಕುಡಿದು ಬಂದು ಅಮ್ಮಂಗೆ ಹೊಡೀತಾರೆ. ಆಗ್ಲೂ ಸನ್ಮಾನಿಸಬೇಕಾ?’ ಅಂದ. ‘ಪ್ರಾರ್ಥನೆ ಮಾಡು ಮಗಾ’ ಅಂತ ತಲೆ ಸವರಿ ಕಳಿಸಿಬಿಟ್ಟೆ. ಆ ದಿನ ನೆನಪಾದರೆ ಇವತ್ತಿಗೂ ಎದೆ ಭಾರವಾಗುತ್ತದೆ. ಅವನು ಧೈರ್ಯ ಮಾಡಿ ಬಾಯಿ ಬಿಟ್ಟಿದ್ದ, ನಾನು ಮುಚ್ಚಿಸಿದೆ.

ಈಗಾದರೆ ಕೂರಿಸಿಕೊಂಡು ಹೀಗೆ ಹೇಳುತ್ತೇನೆ. ಹೊಡೆಯುವುದು ತಪ್ಪು, ಅಪ್ಪ ಹೊಡೆದರೂ ತಪ್ಪು. ನೀನು ಹೇಳಿದ್ದು ಒಳ್ಳೆಯದಾಯಿತು. ಅಪ್ಪನ ಮರ್ಯಾದೆ ಕಾಯಲು ಈ ಸುದ್ದಿ ಮುಚ್ಚಿಡು ಅಂತ ದೇವರು ಕೇಳುವುದಿಲ್ಲ. ಸೀನಾಯಿಯ ಕೆಳಗೆ ಇದನ್ನು ಕೇಳಿಸಿಕೊಂಡವರಲ್ಲಿ ದೊಡ್ಡವರೇ ಜಾಸ್ತಿ. ವಯಸ್ಸಾದ ಅಪ್ಪ ಅಮ್ಮನನ್ನು ಕೈಬಿಡಬಾರದು ಅನ್ನುವ ಮಾತು ಅವರಿಗೂ ಇತ್ತು. ಅಪೊಸ್ತಲ ಪೌಲನೂ ಎಫೆಸದ ಸಭೆಯವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಈ ಆಜ್ಞೆಯನ್ನು ಮಕ್ಕಳಿಗೆ ನೆನಪಿಸಿದ ಕೂಡಲೇ ತಂದೆಗಳ ಕಡೆ ತಿರುಗುತ್ತಾನೆ, ಮಕ್ಕಳನ್ನು ಕೆರಳಿಸಬೇಡಿ ಅನ್ನುತ್ತಾನೆ. ಮೊದಲ ಅರ್ಧ ಮಾತ್ರ ಕಲಿಸುವ ಹಕ್ಕು ನಮಗಿಲ್ಲ. ಮಗು ಇಂಥದ್ದು ಹೇಳಿದರೆ ನಿಮ್ಮೊಳಗೇ ಇಟ್ಟುಕೊಳ್ಳಬೇಡಿ. ಮಕ್ಕಳ ಸಹಾಯವಾಣಿ 1098 ಇದೆ. ಆ ನಂಬರನ್ನು ಕ್ಲಾಸಿನ ಗೋಡೆಗೆ ಅಂಟಿಸಿ, ಮಕ್ಕಳಿಗೆ ಕಾಣುವಷ್ಟು ಕೆಳಗೆ.

ಹೆದರಿಸುವುದನ್ನೂ ಬಿಡೋಣ. ಸುಳ್ಳು ಹೇಳಿದರೆ ದೇವರು ನಾಲಿಗೆ ಸುಡುತ್ತಾರೆ ಅಂತ ಯಾವ ಅಧ್ಯಾಯದಲ್ಲೂ ಇಲ್ಲ. ಅದರ ಬದಲು 1529ರಲ್ಲಿ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್ ತನ್ನ ಚಿಕ್ಕ ಉಪದೇಶ ಪುಸ್ತಕದಲ್ಲಿ ಮಾಡಿದ್ದನ್ನು ಮಾಡಿ. ‘ಕದಿಯಬಾರದು’ ಅಂದರೆ ನೆರೆಯವನ ವಸ್ತು ಮುಟ್ಟದಿರುವುದಷ್ಟೇ ಸಾಲದು, ಅದನ್ನು ಕಾಪಾಡಲು ಅವನಿಗೆ ನೆರವಾಗಬೇಕು ಅನ್ನುತ್ತಾನೆ. ನಮ್ಮ ಕ್ಲಾಸಿನಲ್ಲಿ ಅದು ಹೀಗೆ: ಬೆಂಚಿನ ಕೆಳಗೆ ಬಿದ್ದ ರಬ್ಬರ್ ಯಾರದು ಅಂತ ಹುಡುಕಿ ಕೊಡುವುದು.

ಹಿತ್ತಲಿನಲ್ಲಿ ಮಣ್ಣು ಕಲಸಿ ಇಟ್ಟಿದ್ದೇನೆ, ಬೆಂಕಿಪೊಟ್ಟಣಗಳೂ ಇವೆ. ಹುಲ್ಲು ಅರ್ಧ ಜನಕ್ಕೆ ಮಾತ್ರ ಸಾಕಾಗುತ್ತದೆ. ಸೆರಗು ಸಿಕ್ಕಿಸಿಕೊಂಡು, ತೋಳು ಮಡಚಿಕೊಂಡು ಬನ್ನಿ. ತಲೆಗೆ ನಾಲ್ಕು.